ಎರಡು ಸೀಟಿನ ಕಾರಿಗೆ ಮೂರನೆಯದು ಬೇಡವೆಂದದ್ದು

ಆಗ ನನಗೆ ಮೂವತ್ತೊಂದು ವರ್ಷ. ಐವತ್ತೈದು ವರ್ಷದ ಹಿಂದಿನ ಮಾತು. ಕೂಡಿಸಿ ನನ್ನ ವಯಸ್ಸು ಕಂಡುಹಿಡಿದುಕೊಳ್ಳಿ, ಅದಕ್ಕೆ ನನಗೇನೂ ನಾಚಿಕೆಯಿಲ್ಲ. ನಾಚಿಕೆಯಿರುವುದು ಬೇರೆ ವಿಷಯಕ್ಕೆ. ತಮಗೆ ಬೇಕಾದದ್ದನ್ನು ಬಾಯಿಬಿಟ್ಟು ಕೇಳಲಾರದವರು ದೇವರನ್ನು ಮುಂದೆ ಬಿಟ್ಟು ತಾವು ಹಿಂದೆ ನಿಲ್ಲುತ್ತಾರೆ ಎಂದು ನಾನು ಊರಿನ ಅರ್ಧ ಜನರನ್ನು ಆಡಿಕೊಂಡಿದ್ದೇನೆ. ಆ ಕೆಲಸವನ್ನು ನಾನೂ ಒಂದು ಸಲ ಮಾಡಿದೆ. ಮಗನಿಗೆ ಜ್ವರ ಬಂದಿತ್ತೆಂದಲ್ಲ, ಮಳೆ ಬರಲಿಲ್ಲವೆಂದಲ್ಲ. ಒಂದು ಕಾರಿನ ಸಲುವಾಗಿ.

ನಮ್ಮದು ಯಳಂದೂರು ತಾಲ್ಲೂಕಿನ ಹೊನ್ನೂರು. ನಮ್ಮ ಯಜಮಾನರು ಬೆಟ್ಟದ ಮೇಲಿನ ಒಂದು ಕಾಫಿ ತೋಟದಲ್ಲಿ ಡ್ರೈವರಾಗಿದ್ದರು. ತೋಟದ ದೊರೆ ಬಿಳಿಯವನು. ಸ್ವಾತಂತ್ರ್ಯ ಬಂದು ಎಷ್ಟೋ ವರ್ಷವಾದರೂ ಹೋಗದೆ ಕೂತಿದ್ದವನು ಕಡೆಗೆ ಮಂಡಿನೋವು ತಡೆಯಲಾರದೆ ತನ್ನ ಊರಿಗೆ ಹೊರಟ. ಹೋಗುವಾಗ ನಾಯಿಯನ್ನು ಅಡಿಗೆಯವನಿಗೆ ಕೊಟ್ಟ, ಸ್ನಾನದ ತೊಟ್ಟಿಯನ್ನು ತೋಟದ ಲೆಕ್ಕ ಬರೆಯುವ ರೈಟರಿಗೆ ಕೊಟ್ಟ, ಕಾರನ್ನು ನಮ್ಮವರಿಗೆ ಕೊಟ್ಟ. ಮೂರರಲ್ಲಿ ಕೂಡಲೇ ಉಪಯೋಗಕ್ಕೆ ಬಂದದ್ದು ತೊಟ್ಟಿ ಒಂದೇ. ರೈಟರ ಮನೆಯ ಎಮ್ಮೆಗಳು ಅದರಲ್ಲಿ ಕಲಗಚ್ಚು ಕುಡಿದವು.

ಕಾರು ಅಂದರೆ ನೀವು ಈಗ ರಸ್ತೆಯಲ್ಲಿ ನೋಡುವ ಡಬ್ಬಿಯಂಥದ್ದಲ್ಲ. ಪಂದ್ಯದಲ್ಲಿ ಓಡಿಸುವ ಜಾತಿಯದಂತೆ. ಬಾವಿಯ ಪಾಚಿಯ ಹಸಿರು ಬಣ್ಣ, ಉದ್ದನೆಯ ಮೂತಿ, ಮೊಂಡು ಹಿಂಭಾಗ. ತಲೆಯ ಮೇಲೆ ಸೂರಿಲ್ಲ. ಬಟ್ಟೆಯದೊಂದು ಟಾಪು ಇತ್ತಂತೆ, ಬೆಟ್ಟದ ಇಲಿಗಳು ತಿಂದಿದ್ದವು. ಅದರ ಹೊಟ್ಟೆಗೂ ನೆಲಕ್ಕೂ ನಡುವೆ ಕೋಳಿಮರಿ ನುಸುಳಬಹುದಿತ್ತು, ಕೋಳಿ ನುಸುಳುವಂತಿರಲಿಲ್ಲ. ಸೀಟು ಎರಡೇ ಎರಡು. ನಮ್ಮ ಮನೆಯಲ್ಲಿದ್ದವರು ಒಂಬತ್ತು ಜನ.

ನಮ್ಮವರು ಅದನ್ನು ಬೆಟ್ಟದಿಂದ ಇಳಿಸಿಕೊಂಡು ಬಂದು ಹುಣಸೆಮರದ ಕೆಳಗೆ ನಿಲ್ಲಿಸಿದ ದಿನ ಊರೇ ಬಂದು ಸುತ್ತ ನಿಂತಿತು. ಕಬ್ಬಿನ ಗದ್ದೆಯವರು ಕಾರಿನ ಹಿಂಭಾಗ ತಟ್ಟಿ, "ಇಂದ್ಗಡೆ ಕೊಯ್ದು ಅಲಗೆ ಜಡುದ್ರೆ ಎಂಟ್ ಒರೆ ಕಬ್ಬು ಇಡಿಸ್ತದೆ ಕಣ್ಲಾ" ಎಂದರು. ಕ್ಷೌರದ ಸಿದ್ದ ಹಾರ್ನು ಒತ್ತಿ ನೋಡಿ, "ಇನ್ನೂ ಜೋರಾಗಿ ಕೂಗೋ ಆರ್ನು ಆಕ್ಸಿ ಅಣ್ಣ, ಇದು ಮೇಕೆ ಅರಚ್ದಂಗೆ ಅರಚ್ತದೆ" ಎಂದ. ಊರಿನಲ್ಲಿ ಒಬ್ಬರಾದರೂ ಅದು ಇರುವ ಹಾಗೆ ಚೆನ್ನಾಗಿದೆ ಅನ್ನಲಿಲ್ಲ. ನಮ್ಮ ಕಡೆ ಜನವೇ ಹಾಗೆ. ಹೊಸ ಕೊಡೆ ತಂದರೆ ಮೊದಲು ಅದರ ಹಿಡಿಗೆ ದಾರ ಸುತ್ತುತ್ತಾರೆ.

ನಮ್ಮತ್ತೆ ದೊಡ್ಡತಾಯಮ್ಮನವರು ಜಗಲಿಯ ಮೇಲೆ ಕೂತೇ ತೀರ್ಪು ಕೊಟ್ಟರು. "ಲೋ ಮಗಾ, ಮುಂದ್ಗಡೆ ಕೂರೋಳಲ್ಲ ನಾನು. ನನ್ ಕೂರಿಸ್ಕಳಕ್ಕೆ ಜಾಗ ಇಲ್ದ ಮ್ಯಾಲೆ ಅದ್ಯಾವ ಸೀಮೆ ಮೋಟ್ರುಲಾ? ಇಂದ್ಗಡೆ ಒಂದು ಸೀಟ್ ಆಕ್ಸು, ಮ್ಯಾಲ್ಕೆ ತಗಡು ಒಡ್ಸು. ಅಲ್ಲೀಗಂಟ ಇದ್ರೊಳಕ್ಕೆ ಯಾರೂ ಕಾಲ್ ಇಕ್ಕಂಗಿಲ್ಲ." ನಮ್ಮವರು ತಾಯಿಯ ಮಾತಿಗೆ ಎದುರಾಡಿದ್ದನ್ನು ನಾನು ನೋಡಿಲ್ಲ. ನಾಳೆಯೇ ಕೊಳ್ಳೇಗಾಲಕ್ಕೆ ಹೋಗಿ ಟಿಂಕರಿಂಗ್ ಕೆಲಸದ ಬುಡೇನ್ ಸಾಬರನ್ನು ಕರೆದುಕೊಂಡು ಬರುತ್ತೇನೆ ಎಂದರು.

"ಕಂಪ್ನಿಯೋರು ಎಂಗ್ ಮಾಡವ್ರೋ ಅಂಗೇ ಇರ್ಲಿ," ಎಂದೆ ನಾನು.

ಎಲ್ಲರೂ ತಿರುಗಿ ನನ್ನ ಮುಖ ನೋಡಿದರು. ನೋಡಬೇಕಾದ್ದೇ. ನಾನು ಯಾವುದನ್ನೂ ಇದ್ದ ಹಾಗೆ ಇರಗೊಟ್ಟ ಹೆಂಗಸಲ್ಲ. ಧಾರೆಯಲ್ಲಿ ಉಟ್ಟ ಕೊಳ್ಳೇಗಾಲದ ರೇಷ್ಮೆ ಸೀರೆಯ ಸೆರಗು ಕತ್ತರಿಸಿ ಹಿರಿಯ ಮಗಳಿಗೆ ಲಂಗ ಹೊಲಿಸಿದವಳು. ಉಳಿದದ್ದರಲ್ಲಿ ಕಿರಿಯವಳಿಗೆ ರವಿಕೆ, ಅದರಲ್ಲೂ ಉಳಿದದ್ದರಲ್ಲಿ ಅಡಿಕೆಲೆ ಚೀಲ. ಮಂಚದ ಕಾಲು ಕೊಯ್ದು ರುಬ್ಬುವ ಕಲ್ಲಿನ ಮಗ್ಗುಲಿಗೆ ಮಣೆ ಮಾಡಿದ್ದೆ. ಗಂಡ ಮೂರು ಕಾಲಿನ ಮಂಚದ ಮೇಲೆ, ನಾಲ್ಕನೆಯದಕ್ಕೆ ಇಟ್ಟಿಗೆ ಕೊಟ್ಟು, ತಕರಾರಿಲ್ಲದೆ ಮಲಗುತ್ತಿದ್ದರು. ಅಂಥವಳ ಬಾಯಲ್ಲಿ ಇದ್ದ ಹಾಗೇ ಇರಲಿ ಎಂಬ ಮಾತು ಬಂದರೆ ಯಾರಾದರೂ ಅನುಮಾನ ಪಡಬೇಕು. ನಮ್ಮವರು ಪಡಲಿಲ್ಲ. "ಇವ್ಳಿಗೆ ಮಿಷಿನ್ನು ಅಂದ್ರೆ ಗೌರವ ಕಣವ್ವ" ಎಂದು ತಾಯಿಗೆ ಹೆಮ್ಮೆಯಿಂದ ಹೇಳಿದರು. ಡ್ರೈವರುಗಳು ರಸ್ತೆ ನೋಡುವಷ್ಟು ಚೆನ್ನಾಗಿ ಹೆಂಡತಿಯನ್ನು ನೋಡುವುದಿಲ್ಲ.

ನಿಜವಾದ ಕಾರಣ ಏನೆಂದರೆ, ಸೀಟು ಎರಡೇ ಇತ್ತು.

ಪ್ರೀತಿ ಗೀತಿ ಎಂದುಕೊಂಡು ಮುಖ ಅರಳಿಸಬೇಡಿ. ನನಗೆ ಅವರನ್ನು ಬೈಯುವುದಿತ್ತು. ಮದುವೆಯಾಗಿ ಹದಿಮೂರು ವರ್ಷ, ಒಂದು ಸಲವೂ ಗಂಡನನ್ನು ನೆಮ್ಮದಿಯಾಗಿ ಕೂರಿಸಿಕೊಂಡು ಬೈದಿರಲಿಲ್ಲ. ಒಂಬತ್ತು ಜನದ ಮನೆಯಲ್ಲಿ ಬಾಯಿ ತೆರೆದರೆ ಹದಿನಾರು ಕಿವಿ ನೆಟ್ಟಗಾಗುತ್ತವೆ. ರಾತ್ರಿ ಪಿಸುಗುಟ್ಟಿ ಬೈಯೋಣವೆಂದರೆ ಪಿಸುಮಾತಿನ ಬೈಗುಳಕ್ಕೆ ಉಪ್ಪಿಲ್ಲ ಹುಳಿಯಿಲ್ಲ, ಜೊತೆಗೆ ಅವರು ನಿದ್ದೆ ಹೋಗುತ್ತಿದ್ದರು. ಗಾಡಿಯಲ್ಲಿ ಹೋದರೆ ನಾನು ಹಿಂದೆ ಅತ್ತೆಯ ಜೊತೆ. ಬಸ್ಸಿನಲ್ಲಿ ಹೆಂಗಸರು ಮುಂದೆ, ಗಂಡಸರು ಹಿಂದೆ. ನಡೆದರೆ ಅವರು ಹತ್ತು ಮಾರು ಮುಂದೆ. ಪಕ್ಕದಲ್ಲಿ ಕೂತು, ಮುಖ ನೋಡಿಕೊಂಡು, ಗಟ್ಟಿಯಾಗಿ, ಮೊದಲಿಂದ ಕೊನೆಯವರೆಗೆ ಹೇಳಬೇಕಾದದ್ದನ್ನು ಹೇಳುವ ಜಾಗ ಎಂದರೆ ಈ ಕಾರು ಒಂದೇ. ಸ್ಟೀರಿಂಗ್ ಹಿಡಿದ ಗಂಡಸು ಎದ್ದು ಹೋಗುವಂತೆಯೂ ಇಲ್ಲ. ನಾನು ಮನಸ್ಸಿನಲ್ಲೇ ದಾರಿ ಹಂಚಿಟ್ಟುಕೊಂಡಿದ್ದೆ. ಯಳಂದೂರಿನವರೆಗೆ ಅವರ ತಂಗಿಯ ಮದುವೆಯಲ್ಲಿ ನನಗೆ ಆದ ಅವಮಾನ, ಅಲ್ಲಿಂದ ಕೊಳ್ಳೇಗಾಲದವರೆಗೆ ಅವರ ಅಮ್ಮ, ಕೊಳ್ಳೇಗಾಲದಿಂದ ನನ್ನ ತವರು ಸತ್ತೇಗಾಲದವರೆಗೆ ಬರೀ ಅವರೇ. ಹಿಂದೆ ಒಂದು ಸೀಟು ಬಂತೋ, ಮುಗಿಯಿತು. ಅತ್ತೆ ಅಲ್ಲಿ ಕೂತು ಕತ್ತು ಮುಂದೆ ಚಾಚುತ್ತಾರೆ.

ಬುಡೇನ್ ಸಾಬರು ಗುರುವಾರ ಬಂದರು. ಒಳ್ಳೆಯ ಮನುಷ್ಯ, ಬಿಳೀ ಗಡ್ಡ, ಕಿವಿಯ ಮೇಲೆ ಸೀಮೆಸುಣ್ಣ. ಕಾರಿನ ಸುತ್ತ ಮೂರು ಸಲ ಬಂದು, ಅದರ ಮೈಮೇಲೆ ಕೈಯಾಡಿಸಿ, "ಯಾವ ಪುಣ್ಯಾತ್ಮ ಬಗ್ಗಿಸಿದ್ನೋ ಈ ತಗಡ್ನ. ಒಂದ್ ಕಡೆ ಸುತ್ಗೆ ಗುರ್ತು ಇಲ್ಲ ನೋಡಿ," ಎಂದು ನಿಟ್ಟುಸಿರು ಬಿಟ್ಟರು. ನನಗೆ ಜೀವ ಬಂತು. "ಅಂಗಾರೆ ಬುಡಿ ಸಾಬ್ರೇ, ಯಾಕ್ ಕೆಡುಸ್ಬೇಕು?" ಎಂದೆ. "ಮನ್ಸು ಬರಾಕಿಲ್ಲ ತಾಯಿ," ಎನ್ನುತ್ತಲೇ ಕಿವಿಯ ಮೇಲಿನ ಸುಣ್ಣ ತೆಗೆದು ಹಿಂಭಾಗದ ಮೇಲೆ ಅಡ್ಡಡ್ಡ ಗೆರೆ ಎಳೆದರು. ಇಲ್ಲಿಂದ ಇಲ್ಲಿಗೆ ಕೊಯ್ದು, ಇಷ್ಟು ಹಿಂದಕ್ಕೆ ಎಳೆದು, ಅಡಿಯಲ್ಲಿ ಲಾರಿಯ ಸ್ಪ್ರಿಂಗ್ ಪಟ್ಟಾ ಕೊಟ್ಟು ಎತ್ತರಿಸಿದರೆ ಒಟ್ಟು ಮೂರು ಜನ ಕೂರಬಹುದು. ಸೋಮವಾರ ಬೆಸುಗೆಯ ಗ್ಯಾಸು, ಗರಗಸ ತರುತ್ತೇನೆ ಎಂದು ಬೆಲ್ಲದ ಕಾಫಿ ಕುಡಿದು ಹೋದರು. ಆ ಬಿಳೀ ಗೆರೆ ನೋಡಿ ನನಗೆ ನನ್ನ ಕುತ್ತಿಗೆಯ ಮೇಲೇ ಎಳೆದ ಹಾಗಾಯಿತು.

ಉಳಿದದ್ದು ಮೂರು ದಿನ. ಮಾತಿನಲ್ಲಿ ಗೆಲ್ಲಲು ನೋಡಿದೆ. ದೊರೆ ಕಾರು ಕೊಡುವಾಗ ಬಾನೆಟ್ಟಿನ ಮೇಲೆ ಕೈಯಿಟ್ಟು ಇಂಗ್ಲಿಷಿನಲ್ಲಿ ತುಂಬ ಹೊತ್ತು ಏನೋ ಹೇಳಿದ್ದನಂತೆ. ನಮ್ಮವರಿಗೆ ಒಂದಕ್ಷರ ತಿಳಿದಿರಲಿಲ್ಲ. "ಅದ್ನೇ ಅವ್ರು ಏಳಿದ್ದು, ಕುಯ್ಬೇಡ ಅಂತ," ಎಂದೆ. ನಮ್ಮವರು ಸ್ವಲ್ಪ ಯೋಚಿಸಿ, "ಇದ್ರೂ ಇರ್ಬೌದು ಕಣಮ್ಮಿ," ಎಂದರು. ಅತ್ತೆ ಒಳಗಿನಿಂದ, "ಎತ್ತವ್ವಂಗೆ ಜಾಗ ಮಾಡ್ಬೇಡ ಅಂತ ಏಳಿದ್ನೇನ್ಲಾ ಆ ಕೆಂಪು ಮೂತಿಯೋನು?" ಎಂದು ಒಂದೇ ಮಾತಿಗೆ ಮುಗಿಸಿದರು.

ಆಗ ನನಗೆ ಆ ಉಪಾಯ ಹೊಳೆಯಿತು. ನಮ್ಮಲ್ಲಿ ಆಯುಧಪೂಜೆಗೆ ಕುಡುಗೋಲಿನಿಂದ ನೇಗಿಲಿನವರೆಗೆ ಎಲ್ಲಕ್ಕೂ ಕುಂಕುಮ ಇಡುತ್ತೇವೆ. ಪೂಜೆಯಾದ ಸಾಮಾನಿನ ಮೇಲೆ ಆ ದಿನ ಕೈ ಮಾಡುವುದಿಲ್ಲ. ಆ ದಿನ ಎಂಬುದನ್ನು ನಾನು ಸ್ವಲ್ಪ ಉದ್ದ ಮಾಡಿದೆ. ಪೂಜೆಯಾದ ಮೈಗೆ ಗರಗಸ ಹಾಕಿದರೆ ಮನೆಗೆ ಆಗಿಬರುವುದಿಲ್ಲ ಎಂದು ನನ್ನ ಅಜ್ಜಿ ಹೇಳುತ್ತಿದ್ದರೆಂದು ಹೇಳಿದೆ. ನಮ್ಮಜ್ಜಿ ಹಾಗೆ ಯಾವತ್ತೂ ಹೇಳಿರಲಿಲ್ಲ. ಸತ್ತವರ ಹೆಸರಿನಲ್ಲಿ ಶಾಸ್ತ್ರ ಹೇಳುವುದು ಸುಲಭ, ಎದ್ದು ಬಂದು ಇಲ್ಲ ಅನ್ನುವುದಿಲ್ಲ. ಭಾನುವಾರ ಬೆಳಿಗ್ಗೆ ಮಾರಮ್ಮನ ಗುಡಿಯ ಪೂಜಾರಪ್ಪನನ್ನು ಕರೆಸಿ, ಕಾರು ತೊಳೆದು, ಸಾಬರ ಸುಣ್ಣದ ಗೆರೆಯ ಮೇಲೇ ಗಟ್ಟಿಯಾಗಿ ಅರಿಶಿನ ಬಳಿದು, ಕುಂಬಳಕಾಯಿ ಒಡೆಸಿ, ನಾಲ್ಕು ಚಕ್ರಕ್ಕೆ ನಾಲ್ಕು ನಿಂಬೆಹಣ್ಣು ಇಡಿಸಿದೆ. ಅತ್ತೆ ಕೈಮುಗಿದು ನಿಂತಿದ್ದರು. ಇನ್ನು ಆ ಮೈಯನ್ನು ಕೊಯ್ಯಿ ಎನ್ನುವ ಧೈರ್ಯ ಅವರಿಗೂ ಇರಲಿಲ್ಲ. "ಆಯ್ತು ಬುಡು, ದ್ಯಾವ್ರ ಇಚ್ಛೆ. ಇದ್ದಂಗೇ ಇರ್ಲಿ," ಎಂದುಬಿಟ್ಟರು.

ಗೆದ್ದೆ. ಹೂ ಮುಡಿದುಕೊಂಡು, ಎಡಗಡೆಯ ಸೀಟಿನ ಬಾಗಿಲ ಹತ್ತಿರ ಬಂದು ನಿಂತೆ. ನಾಲಿಗೆಯ ತುದಿಯಲ್ಲಿ ನಾದಿನಿಯ ಮದುವೆ ಸಿದ್ಧವಾಗಿತ್ತು.

ಪೂಜಾರಪ್ಪ ಮಂಗಳಾರತಿ ತಟ್ಟೆ ಹಿಡಿದು ಹೇಳಿದ: "ಪೂಜೆ ಆದ್ ಮ್ಯಾಲೆ ಮೊದಲ್ನೇ ಸವಾರಿ ಎತ್ತವ್ವಂದು ಕಣಪ್ಪ. ಅವ್ವನ್ ಕೂರಿಸ್ಕಂಡು ಒಂದ್ ಸುತ್ತು ಬಾ. ಅದೇ ಪದ್ಧತಿ."

ಅದು ನಿಜವಾಗಿಯೂ ಪದ್ಧತಿ. ಹೊಸ ಗಾಡಿ ಕಟ್ಟಿದಾಗ ನಾನೇ ನೋಡಿದ್ದೆ. ಪೂಜೆ ಮಾಡಿಸುವ ಆತುರದಲ್ಲಿ ಮರೆತಿದ್ದೆ. ಅತ್ತೆಯನ್ನು ಇಬ್ಬರು ಕಂಕುಳು ಹಿಡಿದು, ನೆಲದೊಳಗಿನ ಹಗೇವಿಗೆ ರಾಗಿ ಮೂಟೆ ಇಳಿಸಿದ ಹಾಗೆ ಕಾರಿನೊಳಕ್ಕೆ ಇಳಿಸಿದರು. ಕಾಲು ನೀಟಾಗಿ ಮುಂದೆ ಚಾಚಿಕೊಂಡಿತು. ಸೆರಗು ತಲೆಗೆ ಸುತ್ತಿಕೊಂಡರು. ಕಾರು ಮೇಕೆಯ ಹಾಗೆ ಒಂದು ಸಲ ಅರಚಿ ಹೊರಟಿತು. ಒಂದು ಸುತ್ತು ಎಂದು ಹೋದವರು ಮಧ್ಯಾಹ್ನವಾದರೂ ಬರಲಿಲ್ಲ, ಸಾಯಂಕಾಲ ದನ ಬರುವ ಹೊತ್ತಿಗೆ ಬಂದರು. ಕೊಳ್ಳೇಗಾಲಕ್ಕೆ ಹೋಗಿದ್ದರಂತೆ.

ಅತ್ತೆಯ ಮುಖ ಎಣ್ಣೆ ಹಚ್ಚಿದ ಹಾಗೆ ಹೊಳೆಯುತ್ತಿತ್ತು. ಇಳಿಸಿದವರ ಭುಜ ಹಿಡಿದುಕೊಂಡೇ, "ಅಬ್ಬಬ್ಬಾ, ಏನ್ ಸುಖವಪ್ಪ! ಈ ಒಂಬತ್ ಜನದ ಮನೇಲಿ ಮಗನ್ ತಾವು ಒಂದ್ ಮಾತ್ ಆಡಕ್ಕಾಗಿತ್ತಾ? ಅದಿಮೂರ್ ವರ್ಸದಿಂದ ಒಟ್ಟೇಲಿ ಇಕ್ಕಂಡಿದ್ನ ಎಲ್ಲಾ ಏಳ್ಬುಟ್ಟೆ ಕಣೇ," ಎಂದರು.

ಹದಿಮೂರು ವರ್ಷ ಎಂದರೆ ಯಾರ ವಿಷಯ ಎಂದು ನಾನು ಕೇಳಬೇಕಾಗಿರಲಿಲ್ಲ. ನಮ್ಮವರು ನನ್ನ ಮುಖವನ್ನು ಹೊಸದಾಗಿ ನೋಡುವವರ ಹಾಗೆ ನೋಡುತ್ತ, "ಅದೇನಮ್ಮಿ, ಸತ್ತೇಗಾಲಕ್ಕೆ ತುಪ್ಪದ ಗಿಂಡಿ ಓಯ್ತಾ ಇತ್ತಂತೆ? ನಮ್ಮಪ್ಪನ್ ಪಂಚೆ ಅರ್ದು ಮಸಿಬಟ್ಟೆ ಮಾಡಿದ್ಯಂತೆ?" ಎಂದರು. ಎಲ್ಲವೂ ನಿಜ. ನಿಜವಾದ್ದರಿಂದಲೇ ಉತ್ತರ ಉದ್ದವಾಗಿತ್ತು, ಅದನ್ನು ಹೇಳಲು ಜಾಗವಿರಲಿಲ್ಲ. ಸುತ್ತ ಹದಿನಾರು ಕಿವಿ.

"ನಾಳಿದ್ದು ಅನೂರಿಗೆ ಓಗುವಾ ಕಣ್ಲಾ ಮಗಾ," ಎಂದರು ಅತ್ತೆ, ಕಾಲಿಗೆ ನೀರು ಹೊಯ್ದುಕೊಳ್ಳುತ್ತ. "ಅದು ದೂರದ ದಾರಿ. ಇನ್ನೂ ಬೇಜಾನ್ ಏಳದೈತೆ." ಆಮೇಲೆ ನನ್ನ ಕಡೆ ತಿರುಗಿ, "ಇಂದ್ಗಡೆ ಒಂದ್ ಸೀಟ್ ಆಕಿದ್ರೆ ನಾನು ಅಲ್ಲೇ ಕಾಲ್ ನೀಡ್ಕಂಡು ಮನೀಕತಿದ್ದೆ ಕಣೇ. ಬಂಡೀಲಿ ಇಂದ್ಗಡೆ ಕೂತ್ರೆ ನಂಗೆ ನಿದ್ದೆ. ನೀನೇ ಬ್ಯಾಡ ಅಂದೆ," ಎಂದರು. ಆ ಮಾತಿನಲ್ಲಿ ಕುಹಕವಿತ್ತೋ ಇಲ್ಲವೋ ನನಗೆ ಇವತ್ತಿಗೂ ಗೊತ್ತಿಲ್ಲ.

ಮಾರನೆಯ ಬೆಳಿಗ್ಗೆ, ಸಾಬರು ಗರಗಸ ಹೊತ್ತು ಹೊರಡುವ ಮೊದಲೇ ನಮ್ಮವರು ಬೇಡವೆಂದು ಹೇಳಿಕಳಿಸಿಬಿಡುತ್ತಾರೆಂದು, ಮೊದಲನೇ ಬಸ್ಸು ಹಿಡಿದೆ. ಅತ್ತೆ ದಿನಾ ಊಟಕ್ಕೆ ಕೂರುವ ಹಲಸಿನ ಮಣೆ ಕಂಕುಳಲ್ಲಿತ್ತು. ಕಂಡಕ್ಟರು, "ಏನಮ್ಮೋ, ಸೀಟು ಮನೆಯಿಂದ್ಲೇ ತಂದಿದ್ದೀಯ?" ಎಂದು ಹಲ್ಲು ಕಿರಿದ. ಕೊಳ್ಳೇಗಾಲದಲ್ಲಿ ಬುಡೇನ್ ಸಾಬರ ಅಂಗಡಿಯ ಮುಂದೆ ಮಣೆ ಇಳಿಸಿ, "ಇಷ್ಟು ಅಗ್ಲ. ಇಂದ್ಗಡೆಗೆ. ಇವತ್ತೇ ಕುಯ್ರಿ," ಎಂದೆ.

ಅವರು ಗಡ್ಡ ಕೆರೆದುಕೊಂಡರು. "ಪೂಜೆ ಆಗೋಯ್ತಂತಲ್ಲ ತಾಯಿ? ನಿನ್ನೆ ಇಲ್ಲಿಗ್ ಬಂದಾಗ್ಲೇ ಬ್ಯಾಡ ಅಂದ್ರು ನಿಮ್ಮವ್ರು."

"ತಪ್ಪಿಗೆ ಇನ್ನೊಂದ್ ಪೂಜೆ ಮಾಡುಸ್ತೀನಿ. ನೀವು ಕುಯ್ರಿ."

"ಅಗ್ಲ ಸರಿ. ಎತ್ರ ಗೊತ್ತಾಗ್ಬೇಕಲ್ಲ, ಮಂಡಿ ಎಲ್ಲಿಗ್ ಬರ್ತದೆ, ಬೆನ್ನು ಎಲ್ಲಿಗ್ ಬರ್ತದೆ ಅಂತ. ಯಾರಾದ್ರೂ ಕೂತು ತೋರುಸ್ಬೇಕು."

ಬೀದಿಯಲ್ಲಿ ಬೇರೆ ಹೆಂಗಸರಿರಲಿಲ್ಲ. ಸೀರೆ ಒತ್ತರಿಸಿಕೊಂಡು ಮಣೆಯ ಮೇಲೆ ನಾನೇ ಕೂತೆ. ಸಾಬರು ಮಂಡಿಯ ಹತ್ತಿರ ಒಂದು, ಬೆನ್ನಿನ ಹಿಂದಿನ ಗೋಡೆಗೆ ಒಂದು ಸುಣ್ಣದ ಗೆರೆ ಎಳೆದು, ಎರಡು ಹೆಜ್ಜೆ ಹಿಂದೆ ಸರಿದು, ಒಂದು ಕಣ್ಣು ಮುಚ್ಚಿ ನೋಡಿ ಹೇಳಿದರು: "ಬೋ ಸರಿಯಾಗೈತೆ ತಾಯಿ. ಇಂದ್ಗಡೆ ಸೀಟು ನಿಮ್ಗೇ ಏಳಿ ಮಾಡ್ಸಿದಂಗೈತೆ."