ಮಾವ ಹಸ್ಕಿ ಮರಿ ನೋಡಲು ಹೋದದ್ದು

ನಮ್ಮ ಸೋದರಮಾವನಿಗೆ ತಲೆ ಕೆಟ್ಟಿದೆ ಎಂದು ಯಾರಾದರೂ ಹೇಳಿದರೆ ನಾನು ಒಪ್ಪುವುದಿಲ್ಲ. ಕೆಡಬೇಕಾದರೆ ಅದು ಮೊದಲು ಒಂದು ಕಡೆ ನೆಟ್ಟಗೆ ನಿಂತಿರಬೇಕಲ್ಲ!

ಡಿಗ್ರಿ ಓದಲೆಂದು ನಾನು ದೊಡ್ಡಬಳ್ಳಾಪುರದ ಅವರ ಮನೆಯಲ್ಲಿದ್ದೆ. ಸೀರೆ ನೇಯಿಸಿ ಮಾರುವುದು ಅವರ ಕಸುಬು. ಪ್ರತಿದಿನ ದಿನಾಂಕ ಹಾಕಿ ಡೈರಿ ಬರೆಯುವುದು ನನ್ನ ಚಟ. ಮಳೆ, ಕರೆಂಟು ಹೋದದ್ದು, ನಾನು ಬೆಚ್ಚಿಬಿದ್ದದ್ದು, ಎಲ್ಲಕ್ಕೂ ಒಂದೊಂದು ಗೀಟು ಎಳೆದು ತಿಂಗಳ ಕೊನೆಗೆ ಕೂಡಿಸುತ್ತಿದ್ದೆ. ೧೯೯೪ರಲ್ಲಿ ಮಳೆಗಿಂತ ಬೆಚ್ಚಿಬಿದ್ದ ಗೀಟುಗಳೇ ಹೆಚ್ಚು. ಕಾರಣ ಒಬ್ಬರೇ, ಮಾವ.

ಆ ಫೆಬ್ರವರಿಯಲ್ಲಿ ಎದುರುಮನೆಯವರು ಕೇಬಲ್ ಟಿವಿ ಹಾಕಿಸಿದರು. ಮಾವ ಹೋಗಿ ನೋಡಿದರು. ನೋಡಿ ಬಂದವರು ಊಟಕ್ಕೆ ಕೂರಲಿಲ್ಲ.

"ಲೇ, ನಾಯಿ ಬಂಡಿ ಎಳೀತಾವೆ ಕಣೋ! ಮಂಜಿನ ಮೇಲೆ! ಒಂದು ಚಕ್ರ ಇಲ್ಲ, ಎಣ್ಣೆ ಇಲ್ಲ, ಕರೆಂಟಿಲ್ಲ!"

"ಅದಕ್ಕೆ?" ಎಂದೆ.

"ಅದಕ್ಕೇನು? ಒಂದು ತರೋಣ. ಸೀರೆ ಗಂಟು ಅಂಗಡಿಗೆ ಅದೇ ಎಳ್ಕೊಂಡು ಹೋಗುತ್ತೆ."

"ಮಾವ, ದೊಡ್ಡಬಳ್ಳಾಪುರದಲ್ಲಿ ಮಂಜೆಲ್ಲಿದೆ?"

"ಮಂಜಿಲ್ದೆ ಇದ್ರೆ ಏನಂತೆ, ರಸ್ತೆ ಇಲ್ವಾ?"

ಇಂಥ ಮನುಷ್ಯನ ಜೊತೆ ವಾದ ಮಾಡಿ ಗೆದ್ದವರುಂಟೆ? ಮರುದಿನವೇ ಬಡಗಿಯ ಹತ್ತಿರ ಪುಟ್ಟ ಗಾಡಿ ಮಾಡಿಸಿದರು. ನಾಯಿಗೆ 'ರಾಜ' ಎಂದು ಹೆಸರಿಟ್ಟರು. ಬೀದಿಗೆಲ್ಲ ಸಾರಿದರು. ನಾಯಿ ಒಂದು ಬಿಟ್ಟು ಎಲ್ಲವೂ ತಯಾರು!

ಹುಡುಕಿದಾಗ, ದೇವನಹಳ್ಳಿ ಆಚೆ ಕುಂದಾಣದ ಹತ್ತಿರ ತೋಟ ಮಾಡಿಕೊಂಡಿದ್ದ ಒಬ್ಬರು ಮೇಡಂ ಬಳಿ ಹಸ್ಕಿ ಎಂಬ ಆ ಜಾತಿಯ ನಾಯಿ ಮರಿ ಹಾಕಿದೆ ಎಂದು ಗೊತ್ತಾಯಿತು. ಪಶುವೈದ್ಯರಾಗಿ ನಿವೃತ್ತರಾದವರು. ಮಾವ ಪಂಚಾಂಗ ತೆಗೆದು ರಾಹುಕಾಲ ಬಿಟ್ಟು ಹೊರಟರು. ಹೊಸ ಪಂಚೆ, ಹೆಗಲ ಮೇಲೆ ಶಲ್ಯ. ಸ್ಕೂಟರಿನ ಹಿಂದೆ ಕೂತ ನನ್ನ ತೊಡೆಯ ಮೇಲೆ ಸ್ಟೀಲಿನ ತಟ್ಟೆ, ತಟ್ಟೆಯಲ್ಲಿ ಬಾಳೆಹಣ್ಣು, ಹೂವು, ಎಲೆ ಅಡಿಕೆ. ಹೆಣ್ಣು ನೋಡಲು ಹೊರಟ ಗಂಡಿನ ಕಡೆಯವರು ನಾವು!

ಮೇಡಂ ತಟ್ಟೆಯನ್ನೂ ನಮ್ಮನ್ನೂ ಎರಡೆರಡು ಸಲ ನೋಡಿದರು. ಆಮೇಲೆ ಸುಧಾರಿಸಿಕೊಂಡು ಹೊಂಗೆಮರದ ನೆರಳಿಗೆ ಕರೆದುಕೊಂಡು ಹೋಗಿ ಮೊದಲು ತಾಯಿನಾಯಿಯನ್ನು ತೋರಿಸಿದರು.

"ಮರಿ ನೋಡೋಕೆ ಮುಂಚೆ ತಾಯೀನ ನೋಡ್ಬೇಕು. ತಾಯಿ ಗುಣ, ತಾಯಿ ಆರೋಗ್ಯ."

"ಗೊತ್ತು ಬಿಡಿ ಮೇಡಂ, ನಮ್ಮಲ್ಲೂ ಹಂಗೇನೆ," ಎಂದರು ಮಾವ.

ಹುಟ್ಟಿದಾಗಿನಿಂದ ನೂಲು ಮುಟ್ಟಿದ ಕೈ ಸುಮ್ಮನಿರುತ್ತದೆಯೇ? ತಾಯಿನಾಯಿಯ ಬೆನ್ನಿನ ಕೂದಲನ್ನು ಬಿಡಿಸಿ, ಊದಿ, ಎರಡು ಬೆರಳ ನಡುವೆ ಹೊಸೆದು ನೋಡಿದರು. ಕಣ್ಣರಳಿತು. "ಮೇಲೊಂದು ನೂಲು, ಒಳಗೊಂದು ನೂಲು! ಡಬಲ್ ಕಣೋ! ಮೇಡಂ, ಬಣ್ಣ ಗಟ್ಟೀನಾ? ಒಗೆದ್ರೆ ಬಿಡಲ್ಲ ತಾನೆ?"

"ಇದು ಸೀರೆಯಲ್ಲ," ಎಂದರು ಮೇಡಂ.

ಮರಿಗಳಲ್ಲಿ ಒಂದು ಬಂದು ಮಾವನ ಪಂಚೆಯ ಅಂಚು ಕಚ್ಚಿತು. ಅದರ ಒಂದು ಕಣ್ಣು ಆಕಾಶದ ನೀಲಿ, ಇನ್ನೊಂದು ಬೆಲ್ಲದ ಬಣ್ಣ. ಮಾವ ಅದನ್ನೆತ್ತಿ ಬೆಳಕಿಗೆ ಹಿಡಿದರು. "ಎರಡು ಕಣ್ಣು ಮ್ಯಾಚ್ ಆಗಿಲ್ವಲ್ಲ. ಸೆಕೆಂಡ್ಸ್ ಮಾಲಾ? ರೇಟಲ್ಲಿ ಏನಾದ್ರೂ ಬಿಡ್ತೀರಾ?"

ನಾನು ಮರದ ಕಡೆ ತಿರುಗಿಬಿಟ್ಟೆ.

ಮೇಡಂ ನಗಲಿಲ್ಲ. ಪ್ರಶ್ನೆ ಶುರು ಮಾಡಿದರು. ಬಿಸಿಲಿನಲ್ಲಿ ಎಲ್ಲಿಡುತ್ತೀರಿ? ದಿನಾ ಓಡಿಸುವವರು ಯಾರು? ಮನೆಯಲ್ಲಿ ಎಲ್ಲರೂ ಒಪ್ಪಿದ್ದಾರಾ? ಇಂಥ ನಾಯಿಯೇ ಯಾಕೆ? ಮಾವ ಬೆವರುತ್ತಾ ಗಾಡಿಯ ವಿಷಯವನ್ನೂ ಬಾಯಿಬಿಟ್ಟರು. ಕೊನೆಗೆ ಮೇಡಂ ಹೇಳಿದರು: "ಎಂಟು ವಾರ ತುಂಬೋವರೆಗೂ ತಾಯಿಯಿಂದ ಬಿಡಿಸಲ್ಲ. ಚುಚ್ಚುಮದ್ದು ಹಾಕಿಸಿಯೇ ಕೊಡೋದು. ಗಾಡಿಗೀಡಿ ಕಟ್ಟೋ ಹಾಗಿಲ್ಲ. ಸಾಕೋಕಾಗ್ದಿದ್ರೆ ನನಗೇ ವಾಪಸ್ ತಂದುಕೊಡ್ಬೇಕು. ಅದಕ್ಕೂ ಮುಂಚೆ ನಾನು ನಿಮ್ಮನೆ ನೋಡ್ಬೇಕು. ಹಿಡಿಸಿದ್ರೆ ಕೊಡ್ತೀನಿ, ಇಲ್ಲಾಂದ್ರೆ ಇಲ್ಲ."

ವಾಪಸು ಬರುವಾಗ ಮಾವ ಸ್ಕೂಟರನ್ನು ರಸ್ತೆ ಪಕ್ಕ ನಿಲ್ಲಿಸಿಯೇಬಿಟ್ಟರು.

"ನೋಡ್ದೇನೋ? ಹೋಗಿದ್ದು ನಾವು ನೋಡೋಕೆ. ಈಯಮ್ಮ ನಮ್ಮನ್ನೇ ನೋಡ್ಬಿಟ್ಲಲ್ಲೋ! ನಾವು ಮಾರಿದ ಮಾಲು ವಾಪಸ್ ತಗೊಳ್ಳಲ್ಲ ಅಂತ ಅಂಗಡೀಲಿ ಬೋರ್ಡ್ ಹಾಕಿದೀವಿ. ಇವರು ತಾವಾಗೇ ಕೊಡಿ ಅಂತಾರೆ!"

ಅಂದಿನಿಂದ ಮಾವನಿಗೆ ನಿದ್ದೆಯಿಲ್ಲ. ಬೀದಿಗೆಲ್ಲ ಹೇಳಿಯಾಗಿದೆ, ಈಗ ನಾಯಿಮರಿಯ ಕಡೆಯವರು ಬೇಡವೆಂದರೆ ಮುಖ ಎಲ್ಲಿಡುವುದು? ಆದರೆ ಬರೀ ಮರ್ಯಾದೆಯ ಪ್ರಶ್ನೆಯೂ ಆಗಿರಲಿಲ್ಲ. ಪಂಚೆಯ ಅಂಚಿನಲ್ಲಿ ಮರಿಯ ಹಲ್ಲಿನಿಂದಾದ ತೂತಿಗೆ ರಫು ಹಾಕಲು ಅವರು ಬಿಡಲಿಲ್ಲ. ಗಾಡಿಯನ್ನು ಬಡಗಿಗೇ ವಾಪಸು ಕಳಿಸಿದರು. ನೂಲಿನ ಗೋದಾಮು ಖಾಲಿ ಮಾಡಿಸಿ ಸುಣ್ಣ ಹೊಡೆಸಿದರು. ಬಿಸಿಲು ತಾಗದಂತೆ ಕಿಟಕಿಗೆ ಲಾವಂಚದ ತಟ್ಟಿ, ಮಾಳಿಗೆಯ ಮೇಲೆ ತೆಂಗಿನಗರಿ, ಗೋಡೆಯುದ್ದಕ್ಕೂ ವೇಸ್ಟ್ ನೂಲು ತುಂಬಿದ ಮೂಟೆಗಳು. ಅತ್ತೆ ಬಾಗಿಲಲ್ಲಿ ನಿಂತು, "ತೊಟ್ಟಿಲು ಯಾವಾಗ ಕಟ್ತೀರಿ?" ಎಂದರು. ಮಾವ, "ಬೇಕಾಗುತ್ತಾ?" ಎಂದು ನಿಜವಾಗಿಯೂ ಕೇಳಿದರು!

ಉಳಿದದ್ದು ಒಂದೇ ತೊಡಕು. ನಮ್ಮದು ನೇಕಾರರ ಬೀದಿ. ಮನೆಯ ಮುಂಭಾಗದಲ್ಲಿ ವಾಸ, ಹಿಂಭಾಗದಲ್ಲಿ ಪವರ್‌ಲೂಮು. ಗೋಡೆಗೆ ಗೋಡೆ ಅಂಟಿದ ಅಷ್ಟೂ ಮನೆಗಳಲ್ಲಿ ಬೆಳಗಿನಿಂದ ರಾತ್ರಿಯವರೆಗೆ ಖಟ ಖಟ ಖಟ. ಹೊಸದಾಗಿ ಬಂದ ನೆಂಟರು ಎರಡನೇ ದಿನ ತಲೆಗೆ ಬಟ್ಟೆ ಕಟ್ಟಿಕೊಳ್ಳುತ್ತಾರೆ. ಮಾವನಿಗೆ ಮಾತ್ರ ಅದು ಶಬ್ದವೇ ಅಲ್ಲ. "ಮೇಡಂಗೆ ಏನೋ ಸ್ವಲ್ಪ ಸದ್ದು ಅನ್ನಿಸಬಹುದು," ಎಂದು ಮನೆಮನೆಗೆ ಹೋಗಿ ಕೈಮುಗಿದರು. "ಭಾನುವಾರ ಹತ್ತರಿಂದ ಹನ್ನೊಂದು ಗಂಟೆವರೆಗೆ ನಿಲ್ಸಿ ಗುರು, ನಿಮ್ಮ ಕಾಲಿಗೆ ಬೀಳ್ತೀನಿ."

ಏಪ್ರಿಲ್ ಹತ್ತನೇ ತಾರೀಖು, ಭಾನುವಾರ. ಬೀದಿಯ ಮಗ್ಗಗಳೆಲ್ಲ ನಿಂತವು. ನನ್ನ ಕಿವಿಯಲ್ಲಿ ಗುಂಯ್ ಎಂದಿತು.

ಆದರೆ ನಮ್ಮ ಊರಿನಲ್ಲಿ ಕರೆಂಟಿರುವಾಗ ಒಂದು ಬೀದಿಯ ಮಗ್ಗಗಳೆಲ್ಲ ಒಟ್ಟಿಗೆ ನಿಲ್ಲುವುದು ಯಾವಾಗ? ಯಾರಾದರೂ ತೀರಿಕೊಂಡಾಗ! ಮಾವ ಇದನ್ನು ಯೋಚಿಸಿರಲಿಲ್ಲ. ಐದೇ ನಿಮಿಷದಲ್ಲಿ ಹಿಂದಿನ ಬೀದಿಯ ಅಜ್ಜಿ ಸೆರಗು ಬಾಯಿಗೆ ಹಿಡಿದು ಓಡಿಬಂದರು. ಅವರ ಹಿಂದೆ ಇನ್ನಿಬ್ಬರು. ಒಬ್ಬ ಆಗಲೇ ಹಾರ ತಂದಿದ್ದ. ಜಗಲಿಯ ಮೇಲೆ ಹೊಸ ಪಂಚೆಯುಟ್ಟು ಕೈಕಟ್ಟಿ ಕೂತ ಮಾವನನ್ನು ಅಜ್ಜಿ ಹಿಡಿದುಕೊಂಡು ಕೇಳಿದರು:

"ಅಯ್ಯೋ ನನ್ನಪ್ಪಾ, ಯಾರೋ ಹೋಗಿದ್ದು?"

"ಯಾರೂ ಹೋಗಿಲ್ಲ ಕಣಜ್ಜಿ," ಎಂದರು ಮಾವ, "ಬರ್ತಾ ಇದಾರೆ!"

ಜೀಪು ನಿಂತದ್ದೇ ಆಗ. ಮೇಡಂ ಇಳಿದರು, ತೋಳಲ್ಲಿ ಆ ಎರಡು ಬಣ್ಣದ ಕಣ್ಣಿನ ಮರಿ. ಅಳಲು ಬಂದವರೆಲ್ಲ ನಾಯಿ ನೋಡಲು ನಿಂತರು. ಹಾರವನ್ನು ಏನು ಮಾಡುವುದೆಂದು ತಿಳಿಯದೆ ತಂದವನು ಅದನ್ನು ಮೇಡಂಗೇ ಹಾಕಿಬಿಟ್ಟ! ಮೇಡಂ ಅದೇ ಹಾರದಲ್ಲಿ ಕೋಣೆ ನೋಡಿದರು, ತಟ್ಟಿ ಮುಟ್ಟಿದರು, ನೆಲದ ತಂಪು ಅಂಗೈಯಲ್ಲಿ ಪರೀಕ್ಷಿಸಿದರು. ಜಗಲಿಗೆ ಬಂದು ಕಿವಿಗೊಟ್ಟು ನಿಂತರು.

"ಒಳ್ಳೆ ಪ್ರಶಾಂತವಾದ ಬೀದಿ. ಸರಿ, ಕೊಡ್ತೀನಿ."

ಕೊಡುತ್ತೇನೆಂದರು! ಮೇಡಂ ಮರಿಯನ್ನು ಅವರ ಮಡಿಲಲ್ಲಿಟ್ಟರು. ಅದು ಮಾವನ ಗಡ್ಡ ನೆಕ್ಕಿತು, ಅಂಗಿಯ ಗುಂಡಿ ಕಚ್ಚಿತು. ಮಾವ ಹಲ್ಲು ಕಿರಿದು ಬೀದಿಯನ್ನೆಲ್ಲ ನೋಡಿದರು.

ಅಷ್ಟರಲ್ಲಿ ಗಂಟೆ ಹನ್ನೊಂದಾಯಿತು. ಮೂಲೆಮನೆಯವನು ಮಾತಿಗೆ ತಪ್ಪದವನು, ಸ್ವಿಚ್ ಒತ್ತಿದ. ಖಟ. ಪಕ್ಕದವನು ಒತ್ತಿದ. ಖಟ ಖಟ. ಕಣ್ಣುಮುಚ್ಚಿ ತೆಗೆಯುವುದರಲ್ಲಿ ಬೀದಿಗೆ ಬೀದಿಯೇ ಭೋರ್ಗರೆಯಿತು.

ಮರಿ ಕಿರುಚಿತು. ಕಿವಿ ಮಡಚಿ, ಬಾಲ ಹೊಟ್ಟೆಗೆ ಒತ್ತಿ, ಮಾವನ ಅಂಗಿಯೊಳಗೆ ಮೂತಿ ತುರುಕಿತು. ಮೈಯೆಲ್ಲ ಗಡಗಡ. ಪಂಚೆ ಒದ್ದೆಯಾಯಿತು. ಮೇಡಂ ಮಾವನನ್ನು ನೋಡಿದರು. ಮಾವ ಒಂದು ಸುಳ್ಳು ಹೇಳುತ್ತಾರೆಂದು ನಾನು ಕಾದೆ. ಕರೆಂಟು ತೊಂದರೆ ಎನ್ನಬಹುದು, ಇವತ್ತೊಂದೇ ದಿನ ಎನ್ನಬಹುದು, ಅವರಿಗೆ ಸುಳ್ಳಿಗೆ ಬರವೇ?

ಮಾವ ಎರಡೂ ಅಂಗೈಯಿಂದ ಮರಿಯ ಕಿವಿ ಮುಚ್ಚಿದರು. ನನ್ನನ್ನು ಕೇಳಿದರು: "ಇಷ್ಟೊಂದು ಸದ್ದಿದೆಯೇನೋ ನಮ್ಮನೇಲಿ?"

ನಾನು ಹೌದೆಂದು ತಲೆಯಾಡಿಸಿದೆ.

ಅವರೇ ಎದ್ದರು. ಕಿವಿ ಮುಚ್ಚಿದ ಕೈ ತೆಗೆಯದೆ ಜೀಪಿನವರೆಗೆ ನಡೆದು, ಮರಿಯನ್ನು ಸೀಟಿನ ಮೇಲಿಟ್ಟು ಗಾಜು ಏರಿಸಿದರು. "ಬೇಡ ತಾಯಿ. ಕರ್ಕೊಂಡ್ಹೋಗಿ. ಸದ್ದಿಲ್ದಿರೋ ಮನೆಗೆ ಕೊಡಿ." ಇಡೀ ಬೀದಿ ನೋಡುತ್ತಿತ್ತು. ಮೇಡಂ ಕೊರಳ ಹಾರ ತೆಗೆದು ಮಾವನ ಕೈಗಿತ್ತು, ಆ ಕೈಯನ್ನು ಒಂದು ಕ್ಷಣ ಹಿಡಿದುಕೊಂಡು ಹೊರಟರು.

ಮಾವ ಒದ್ದೆ ಪಂಚೆಯಲ್ಲೇ ಒಳಗೆ ಬಂದರು. ಅತ್ತೆ ಒಲೆಯ ಮುಂದಿದ್ದರು. ಮಾವ ಹಿಂದೆ ನಿಂತು ಏನೋ ಕೇಳಿದರು. ಮಗ್ಗದ ಸದ್ದಿನಲ್ಲಿ ಅತ್ತೆಗೆ ಕೇಳಿಸಲಿಲ್ಲ. ಇನ್ನೊಮ್ಮೆ ಕೇಳಿದರು. ಆಗ ಅವರ ಕೈಹಿಡಿದು ಮೂಟೆ ಜೋಡಿಸಿದ ಆ ತಣ್ಣನೆಯ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದಕ್ಕೆಳೆದರು. ನಾನು ಒಳಗೆ ಹೊಸ್ತಿಲ ಬಳಿಯೇ ನಿಂತಿದ್ದೆ. ಮೂಟೆಗಳ ನಡುವೆ ಸದ್ದು ಅರ್ಧಕ್ಕಿಳಿಯಿತು.

"ಮದುವೆಯಾಗಿ ಹಳ್ಳಿಯಿಂದ ಬಂದಾಗ ನಿಂಗೂ ಹಿಂಗೇ ಆಯ್ತೇನೇ? ಈ ಸದ್ದಿಗೆ?"

ಅತ್ತೆಯ ದನಿ ಅಷ್ಟು ಮೆತ್ತಗಿದೆಯೆಂದು ನನಗೆ ಅಂದೇ ಗೊತ್ತಾದದ್ದು.

"ಇವತ್ತೇ ಅಲ್ವಾ ನೀವು ಕೇಳಿದ್ದು."