ಮಾಕಾನ ಪಾಲಿನ ಲೂ

ಬಿಪಿ ಏರಿದೆ, ಉಪ್ಪು ಬಿಡು, ಡಬ್ಬಿ ಮಾಂಸ ಬಿಡು, ದಿನಾ ನಡಿ ಎಂದು ನರ್ಸ್ ಲೋಸಾ ಹೇಳಿದ್ದು ಮಾಕಾನಿಗೊಬ್ಬನಿಗೆ. ಆದರೆ ಅವನ ಹೆಂಡತಿ ಸಿಯು ಚರ್ಚಿನಲ್ಲಿ ಹಾಡುವವಳು; ಹಾಡಿನ ಜೊತೆ ಸುದ್ದಿಯೂ ಹಬ್ಬಿತು. ಸಂಜೆಯೊಳಗೆ ಆ ಪುಟ್ಟ ದ್ವೀಪದ ಊರಿಗೆ ಊರೇ ಮಾಕಾನ ಕಾವಲಿಗೆ ನಿಂತಿತು.

ಉಳಿದ ದಿನ ಹೇಗೋ ಕಳೆಯುತ್ತಿತ್ತು. ಭಾನುವಾರ ಮಾತ್ರ ಮನೆಮನೆಯಲ್ಲೂ ನೆಲದಲ್ಲಿ ತೋಡಿದ ಮಣ್ಣೊಲೆಯಿಂದ ಲೂ ಮೇಲೆ ಬರುತ್ತಿತ್ತು. ಕೆಸುವಿನ ಎಲೆಯೊಳಗೆ ತೆಂಗಿನ ಹಾಲು ಕುಡಿದು ಮೆತ್ತಗೆ ಬೆಂದ ಡಬ್ಬಿ ಮಾಂಸ! ಆ ಪರಿಮಳಕ್ಕೆ ಮಾಕಾನ ಕಣ್ಣು, ತವರಿನ ಬಸ್ಸು ಕಂಡ ಹೊಸ ಸೊಸೆಯ ಕಣ್ಣಿನಂತೆ ತುಂಬಿ ಬರುತ್ತಿತ್ತು.

ಮೂರು ತಿಂಗಳು ತಡೆದ. ಈ ಭಾನುವಾರ ಸಿಯು ಸಪ್ಪೆ ಮೀನು ಮುಂದಿಟ್ಟಾಗ ಎದ್ದೇಬಿಟ್ಟ.

"ಎಲ್ಲಿಗೆ?"

"ನಡೀಬೇಕಂತಲ್ಲ, ನಡೀತೀನಿ."

ದಾರಿಹೋಕರನ್ನು ಊಟಕ್ಕೆ ಕೂಗದೆ ಬಿಡುವ ಊರಲ್ಲ ಅದು. ಯಾರಾದರೂ ಕರೆದಾರು ಎಂದು ಮಾಕಾ ನಿಧಾನಕ್ಕೆ ಹೆಜ್ಜೆ ಹಾಕಿದ. ಪಕ್ಕದ ಮನೆಯ ಫೊಲಾವು ಅವನನ್ನು ಕಂಡದ್ದೇ ತನ್ನ ಲೂ ಪೊಟ್ಟಣದ ಮೇಲೆ ಟೋಪಿ ಮುಚ್ಚಿ, "ಎಷ್ಟು ಇಳಿದಿದೀಯೋ ಮಾಕಾ! ನಡಿ, ನಡಿ!" ಎಂದ. ಆಚೆ ಮನೆಯವರು ಮಿಕ್ಕ ಲೂವನ್ನು ನಾಯಿಗೆ ಹಾಕಿದರು. ನಾಯಿಯ ಅದೃಷ್ಟವನ್ನು ಮಾಕಾ ತುಂಬ ಹೊತ್ತು ನೋಡುತ್ತ ನಿಂತ.

ಊರ ಕೊನೆಯ ಕಿವುಡಜ್ಜಿಗೆ ಮಾತ್ರ ಸುದ್ದಿ ತಲುಪಿರಲಿಲ್ಲ. "ಬಾ ಮಗಾ, ಉಣ್ಣು" ಎಂದು ಎಲೆ ಬಿಚ್ಚಿದಳು. ತುತ್ತು ತುಟಿಗೆ ತಾಗುವಷ್ಟರಲ್ಲಿ ಬೇಲಿಯಾಚೆಯಿಂದ, "ಮಾಕಾ!"

ನರ್ಸ್ ಲೋಸಾ! ತುತ್ತು ನೆಲಕ್ಕೆ ಬಿತ್ತು. ಲೋಸಾ ಅವನನ್ನು ಮನೆಗೆ ಎಳೆತಂದು, ಸಿಯುವಿನ ಎದುರೇ ತೋಳಿಗೆ ಬಿಪಿ ನೋಡುವ ಪಟ್ಟಿ ಸುತ್ತಿದಳು. ನೋಡಿದಳು; ಮತ್ತೆ ನೋಡಿದಳು.

"ಭೇಷ್! ಚೆನ್ನಾಗಿ ಇಳಿದಿದೆ. ಹೀಗೇ ಇರು."

"ಹಾಗಾದ್ರೆ ಇವತ್ತು... ಒಂಚೂರು?" ಮಾಕಾ ಬೆರಳ ತುದಿ ತೋರಿಸಿದ.

"ಒಂದೆರಡು ತುತ್ತು ತಿನ್ನು, ಪರವಾಗಿಲ್ಲ."

ಸಿಯು ನಗುತ್ತ, ಮರೆಯಲ್ಲಿ ಮುಚ್ಚಿಟ್ಟಿದ್ದ ಲೂ ಪೊಟ್ಟಣವನ್ನು ಮುಂದಿಟ್ಟು, ತಟ್ಟೆ ತರಲು ಏಳುವಾಗ ತಲೆ ಸುತ್ತಿ ಗೋಡೆ ಹಿಡಿದು ಸುಧಾರಿಸಿಕೊಂಡಳು. ಲೋಸಾ ಅವಳನ್ನು ಕೂರಿಸಿ ಪಟ್ಟಿ ಸುತ್ತಿದಳು. ಈ ಸಲ ಭೇಷ್ ಅನ್ನಲಿಲ್ಲ.

"ಅಕ್ಕಾ, ಮೊದಲು ಮಾಕಾನಿಗಿದ್ದದ್ದಕ್ಕಿಂತ ಜಾಸ್ತಿ ಇದೆಯಲ್ಲ! ಏನು ತಿಂತಿದೀಯ?"

ಸಿಯು ತಲೆ ತಗ್ಗಿಸಿದಳು. "ನನ್ನ ಪಾಲಿಂದು. ಆಮೇಲೆ... ಇವನ ಪಾಲಿಂದೂ. ಚೆಲ್ಲೋಕೆ ಮನಸ್ಸು ಬರಲಿಲ್ಲ."

"ಇನ್ನು ಈ ಮನೇಲಿ ಲೂ ಬೇಡವೇ ಬೇಡ" ಎಂದು ಲೋಸಾ ಹೊರಟಳು.

ಮಾಕಾ ಪೊಟ್ಟಣ ನೋಡಿದ. ಹೆಂಡತಿಯ ಒದ್ದೆಗಣ್ಣು ನೋಡಿದ. ಅವಳ ಮುಂದೆ ಒಬ್ಬನೇ ತಿನ್ನಲಾರೆ ಅನ್ನಿಸಿ, ಪೊಟ್ಟಣವನ್ನು ಬೇಲಿಯ ಮೇಲಿಂದ ಫೊಲಾವುವಿಗೆ ಕೊಟ್ಟುಬಿಟ್ಟ.

ಗಂಡಹೆಂಡಿರು ಸಪ್ಪೆ ಮೀನು ಹಂಚಿಕೊಂಡು ಬೇಲಿಗೆ ಬೆನ್ನು ಮಾಡಿ ಕೂತರು. ಗಾಳಿ ಮಾತ್ರ ಫೊಲಾವುವಿನ ಮನೆಯ ಕಡೆಯಿಂದಲೇ ಬೀಸುತ್ತಿತ್ತು.