ಸ್ವೀಡನ್ನಿನ ಸರೋವರವೂ ನಮ್ಮ ಕೊಳವೂ

ಲಂಡನ್ನಿನ ಅಂಚಿನ ಒಂದು ಕೌನ್ಸಿಲ್‌ನಲ್ಲಿ ನಾನು ಪಾರ್ಕು, ಕೊಳ ನೋಡಿಕೊಳ್ಳುವ ಆಫೀಸರು. ನೀರಿನ ಪಕ್ಕ ನಿಂತ ಮನುಷ್ಯ ಒಂದಲ್ಲ ಒಂದು ವಿಚಿತ್ರ ಮಾತು ಆಡಿಯೇ ಆಡುತ್ತಾನೆ. ಅದರಲ್ಲೂ ಸ್ವೀಡನ್ನಿನ ಸರೋವರದ ದಂಡೆಯ ಪುರಸಭೆಯೊಂದು ನಮ್ಮೊಂದಿಗೆ ಗೆಳೆತನ ಬೆಳೆಸಿದ ಮೇಲೆ ಕೇಳುವುದೇ ಬೇಡ.

ನೀಲಿ ಊರು

ಮೊದಲ ವಿಡಿಯೋ ಮೀಟಿಂಗು. ಅಲ್ಲಿನ ಅಧ್ಯಕ್ಷೆ ತಮ್ಮೂರಿನ ನಕ್ಷೆ ತೋರಿಸಿದರು. ನೀಲಿಯೋ ನೀಲಿ! ನಡುವೆ ಅಲ್ಲಲ್ಲಿ ಹಸಿರು ದ್ವೀಪಗಳು ತೂಕಡಿಸುತ್ತಿದ್ದವು. ಚಳಿಗಾಲದಲ್ಲಿ ಸರೋವರ ಹೆಪ್ಪುಗಟ್ಟಿದರೆ ದ್ವೀಪದವರು ಅದರ ಮೇಲೆ ನಡೆದೇ ಸಭೆಗೆ ಬರುತ್ತಾರಂತೆ. ನಾನು ಕೂತಲ್ಲೇ ಆ ಮಂಜುಗಡ್ಡೆಯ ಮೇಲೆ ನಡೆಯತೊಡಗಿದೆ.

ನಮ್ಮ ಕೌನ್ಸಿಲ್ ಲೀಡರ್ ಕನಸು ಕೆಡಿಸಿದರು. “ಅರ್ಧಕ್ಕರ್ಧ ನೀರೇ ಇದೆಯಲ್ಲ ಮೇಡಂ, ಅಲ್ಲಿಂದ ದೂರು ಬರಲ್ವಾ?”

“ಮೀನುಗಳಿಗೆ ಕಸದ ಡಬ್ಬಿ ಚಿಂತೆ ಇಲ್ಲ,” ಎಂದರು ಅಧ್ಯಕ್ಷೆ.

ಲೀಡರ್ ನಿಟ್ಟುಸಿರು ಬಿಟ್ಟರು. “ಅಂಥ ಮತದಾರರು ನಮಗೂ ಇದ್ದಿದ್ದರೆ!”

ನಮ್ಮ ಸರೋವರ

ಮರ್ಯಾದೆ ಉಳಿಸಿಕೊಳ್ಳಲು ಲೀಡರ್ “ನಮ್ಮಲ್ಲೂ ಸರೋವರ ಇದೆ” ಅಂದುಬಿಟ್ಟರು. ಅಂದರೆ ಲೈಬ್ರರಿ ಹಿಂದಿನ ಕೊಳ. ಅದನ್ನು ಮುಚ್ಚಿ ಕಾರ್ ಪಾರ್ಕ್ ಮಾಡಬೇಕೆಂದು ಹಟ ಹಿಡಿದವರೂ ಅವರೇ. ‘ಸರೋವರ’ ನೋಡಲು ಸ್ವೀಡನ್ನಿನವರು ಬರುವುದೆಂದಾಯಿತು; ಅವರು ಹೋದ ಮೇಲೆ ಕಾರ್ ಪಾರ್ಕ್ ವಿಷಯ ವೋಟಿಗೆ ಬರುವುದಿತ್ತು. ಬೆಳಗ್ಗೆ ಆ ನೀರಿನಿಂದ ಆವಿ ಏಳುವಾಗ ಬಾತುಕೋಳಿಗಳು ಅದರೊಳಗೆ ಕರಗಿ ಇನ್ನೆಲ್ಲಿಂದಲೋ ಹೊರಬರುತ್ತವೆ. ಅದನ್ನು ನೋಡುತ್ತಾ ನಾನು ಎಷ್ಟೋ ಸಲ ಆಫೀಸನ್ನೇ ಮರೆತಿದ್ದೇನೆ.

ಮೈಸೂರಿನಿಂದ ಬಂದು ನಮ್ಮ ಜೊತೆಗಿರುವ ಅತ್ತೆಗೆ ಗೋಳು ಹೇಳಿಕೊಂಡೆ. “ಮಳೆ ಬಂದು ಕೆರೆ ತುಂಬಿದೆ. ದೊಡ್ಡೋರ ಕೈಲಿ ಬಾಗಿನ ಕೊಡಿಸದೆ ಬಿಡ್ತಾರಾ?” ಎನ್ನುತ್ತಾ ಅವರು ಬಿದಿರಿನ ಮೊರ ಹುಡುಕಲು ಎದ್ದರು.

“ಅತ್ತೆ, ನೀರಿಗೆ ಏನೂ ಎಸೀಬಾರದು ಅಂತ ಬೋರ್ಡ್ ಹಾಕಿಸಿದವಳೇ ನಾನು!”

“ಎಸೆಯೋದಲ್ಲ ಕಣಮ್ಮ, ಕೊಡೋದು. ನೀರಿಗೆ ಮುಟ್ಟಿಸಿ ವಾಪಸ್ ತಂದ್ರಾಯ್ತು. ನಿನ್ನ ಬೋರ್ಡಿಗೂ ಒಂದು ಬಾಳೆಹಣ್ಣು ಇಡ್ತೀನಿ.”

ಬಾಗಿನ

ಅತಿಥಿಗಳು ಬಂದರು. ಕೊಳದ ದಂಡೆಯಲ್ಲಿ ನಿಂತು ಅಧ್ಯಕ್ಷೆ ಬಹಳ ವಿನಯದಿಂದ, “ಸರೋವರ ಇಲ್ಲಿಂದ ಎಷ್ಟು ದೂರ?” ಎಂದು ಕೇಳಿದರು. ಲೀಡರ್ ಮುಖ ಕೆಂಪಾಯಿತು. ಅಷ್ಟರಲ್ಲಿ ಅತ್ತೆ ಅಕ್ಕಿ, ಬೆಲ್ಲ, ಬಳೆ, ಅರಿಶಿನ ಕುಂಕುಮ ತುಂಬಿದ ಮೊರವನ್ನು ಲೀಡರ್ ಕೈಗೆ ಕೊಟ್ಟರು. ಎದುರಿಗೆ ಕ್ಯಾಮೆರಾ ಬೇರೆ. ಲೀಡರ್ ಬಗ್ಗಿ ಮೊರವನ್ನು ನೀರಿಗೆ ಮುಟ್ಟಿಸಿದರು.

“ಮುಗೀತು. ಬಾಗಿನ ಕೊಟ್ಟೋರು ತವರಿನೋರು. ಇನ್ಮೇಲೆ ಈ ಕೆರೆ ನಿಮ್ಮ ತಂಗಿ,” ಎಂದರು ಅತ್ತೆ. ನಾನು ಒಂದಕ್ಷರ ಬಿಡದೆ ಇಂಗ್ಲಿಷಿನಲ್ಲಿ ಹೇಳಿದೆ.

ಅಧ್ಯಕ್ಷೆ ಯೋಚನೆಗೆ ಬಿದ್ದರು. “ನಮ್ಮ ಸರೋವರ ಮೂರು ಪುರಸಭೆಗಳಿಗೆ ಸೇರಿದ್ದು. ಬಾಗಿನ ಯಾರು ಕೊಡಬೇಕು?”

“ಮೂವರೂ ಕೊಡ್ಲಿ. ತವರು ಜಾಸ್ತಿ ಆದ್ರೆ ಹೆಣ್ಣುಮಗಳಿಗೇನು ನಷ್ಟ?”

ವೋಟಿನ ದಿನ

ಫೋಟೋ ಅತ್ತೆಯ ಮಾತಿನ ಸಮೇತ ಲೋಕಲ್ ಪೇಪರಿನಲ್ಲಿ ಬಂತು. ನಮ್ಮ ಕನ್ನಡದವರು ಟ್ಯೂಬ್ ರೈಲಿನಲ್ಲಿ, ಅಂಗಡಿಯಲ್ಲಿ, ಎಲ್ಲಿ ಸಿಕ್ಕರೂ ಲೀಡರನ್ನು ತಡೆದು “ತಂಗಿ ಹೇಗಿದ್ದಾಳೆ?” ಎಂದು ವಿಚಾರಿಸತೊಡಗಿದರು. ಕೊನೆಗೆ ಕಾರ್ ಪಾರ್ಕ್ ವಿಷಯ ಸಭೆಗೆ ಬಂತು. ನಾನು ಹಿಂದಿನ ಸಾಲಿನಲ್ಲಿ ಕೂತಿದ್ದೆ. ಲೀಡರ್ ಎದ್ದು ಪ್ರಸ್ತಾಪವನ್ನೇ ವಾಪಸ್ ತೆಗೆದುಕೊಂಡರು. ಅವರ ಪಕ್ಷದವರೇ “ಯಾಕೆ, ಯಾಕೆ?” ಎಂದು ಗದ್ದಲ ಎಬ್ಬಿಸಿದರು.

ಲೀಡರ್ ಟೈ ಸರಿಮಾಡಿಕೊಂಡು ಗಂಭೀರವಾಗಿ ಹೇಳಿದರು: “ಒಡಹುಟ್ಟಿದವಳ ಮೇಲೆ ಯಾರಾದರೂ ಕಾರು ನಿಲ್ಲಿಸುತ್ತಾರೇನ್ರೀ?”